ಆ ನಿಲ್ದಾಣದಾಚೆಯ ಕೆಲಸ

ಮೊದಲ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಹೊಲಿಗೆ ಕೆಲಸದ ಒಬ್ಬ ಅಕ್ಕ. ಸೂಜಿ ಚುಚ್ಚಿ ಗಟ್ಟಿಯಾದ ಬೆರಳುಗಳಿಂದ ಟಿಕೆಟನ್ನು ಸಣ್ಣಗೆ ಮಡಚುತ್ತಿದ್ದರು. ಇನ್ನೊಂದು ಗಂಟೆ ಪ್ರಯಾಣಿಸಿದರೆ ಹೆಚ್ಚು ಕೂಲಿ ಕೊಡುವ ಕಾರ್ಖಾನೆ ಇತ್ತು. ಆದರೆ ಮಗಳ ಶಾಲೆ ನಾಲ್ಕಕ್ಕೆ ಬಿಡುತ್ತಿತ್ತು. ಅವರ ಪಾಲಿನ ಕಾರ್ಮಿಕ ಮಾರುಕಟ್ಟೆ, ಅಂದರೆ ಅವರು ಕೆಲಸ ಹುಡುಕಬಹುದಾದ ವ್ಯಾಪ್ತಿ, ನಮ್ಮ ನಿಲ್ದಾಣಕ್ಕೇ ಮುಗಿಯುತ್ತಿತ್ತು.

ಭೂಪಟದ ಗಡಿಗಿಂತ ಈ ಗಡಿಯೇ ಬಿಗಿ. ದಿನವೂ ಹೋಗಿಬರಬಹುದಾದ ದೂರದಲ್ಲಿ ಒಬ್ಬಿಬ್ಬರೇ ಮಾಲೀಕರಿದ್ದರೆ ಕೂಲಿ ನಿಗದಿ ಮಾಡುವವರು ಅವರೇ. ಕನಿಷ್ಠ ವೇತನದ ಕಾನೂನು ಬೇಕಾಗುವುದು ಅಲ್ಲಿಯೇ. ವೇತನ ಏರಿಸಿದರೆ ಕೆಲಸವೇ ಹೋಗುತ್ತದೆ ಎಂಬ ಮಾತು ಹಳೆಯದು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ನೆರೆಯ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿ ನೋಡಿದರು. ನ್ಯೂಜೆರ್ಸಿಯಲ್ಲಿ ಉದ್ಯೋಗ ಕುಸಿದದ್ದು ಅವರಿಗೆ ಕಾಣಲಿಲ್ಲ. ಆ ಅಧ್ಯಯನದ ಬಗ್ಗೆ ಅರ್ಥಶಾಸ್ತ್ರಜ್ಞರು ಬಹಳ ವಾದ ಮಾಡಿದ್ದಾರೆ, ಮಾಡಲಿ.

ಕಾನೂನಿದ್ದರೆ ಸಾಲದು, ವೇತನದ ಪುಸ್ತಕ ತೆರೆದು ನೋಡುವ ಇನ್‌ಸ್ಪೆಕ್ಟರ್ ಬೇಕು. ಬಸ್ಸೂ ಬೇಕು, ನನ್ನ ಮಟ್ಟಿಗೆ ಅದೂ ಕಾರ್ಮಿಕ ನೀತಿಯೇ. ಬೇಗ ತಲುಪಿಸುವ ನೇರ ಬಸ್ಸೊಂದು ಸಿಕ್ಕಿದ್ದರೆ ಆ ಅಕ್ಕ ಮರುವಾರವೇ ಆ ಕಾರ್ಖಾನೆಯ ಬಾಗಿಲು ತಟ್ಟುತ್ತಿದ್ದರು.