ಕಾಣದ ಕೋನ್ ಸತ್ತ ಕೋನ್ ಅಲ್ಲ

ಮಳೆಗಾಲದ ಸಂಜೆ ಡೊಂಬಿವಲಿ ಸ್ಟೇಷನ್ ಮೆಟ್ಟಿಲಲ್ಲಿ ಮಗ ಪದೇ ಪದೇ ಎಡವಿದರೆ "ನೋಡ್ಕೊಂಡು ನಡಿಯೋ" ಅಂತ ಗದರಬೇಡಿ. ಇರುಳುಗಣ್ಣು ವಿಟಮಿನ್ ಎ ಕೊರತೆಯಿಂದಷ್ಟೇ ಬರುವುದಿಲ್ಲ, ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪರದೆ, ಅಂದರೆ ರೆಟಿನಾ, ಮೆಲ್ಲಗೆ ಸವೆಯುವ, ವಂಶದಿಂದ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯ ಮೊದಲ ಗುರುತೂ ಅದೇ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಮನೆಗಳಲ್ಲಿ ಇದನ್ನು ಮುಚ್ಚಿಡಲೇಬಾರದು.

ಬೆಳಕು ಹಾಯಿಸಿ ಅಡ್ಡಸೀಳಿನ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನಿನಲ್ಲಿ ರೆಟಿನಾದ ಪದರಗಳು 5ರಿಂದ 7 ಮೈಕ್ರಾನ್ ಸೂಕ್ಷ್ಮತೆಯಲ್ಲಿ ಕಾಣುತ್ತವೆ. ನೋಡಬೇಕಾದ್ದು ಬೆಳಕು ಗ್ರಹಿಸುವ ಕೋಶಗಳ ಸ್ಥಿತಿ ತೋರಿಸುವ ಎಲಿಪ್ಸಾಯ್ಡ್ ಝೋನ್ ಎಂಬ ಹೊಳೆಯುವ ಗೆರೆಯನ್ನು. ಈ ಕಾಯಿಲೆಯಲ್ಲಿ ಅದು ಅಂಚಿನಿಂದ ನಡುವಿನ ಕಡೆಗೆ ಸವೆಯುತ್ತಾ ಬರುತ್ತದೆ. ಪ್ರತಿ ಸಲವೂ ಅದೇ ಯಂತ್ರ, ಅದೇ ಜಾಗದಲ್ಲಿ ಸ್ಕ್ಯಾನ್ ಆಗಲಿ. ಇಲ್ಲವಾದರೆ ಆ ಗೆರೆಯ ಉದ್ದ ಹೋಲಿಸಿ ಪ್ರಯೋಜನವಿಲ್ಲ.

ಹಗಲು ಬೆಳಕು, ಬಣ್ಣ ಗ್ರಹಿಸುವ ಕೋನ್ ಕೋಶಗಳು ಒಂದೊಂದಾಗಿ ಕಾಣಬೇಕಾದರೆ ಅಡಾಪ್ಟಿವ್ ಆಪ್ಟಿಕ್ಸ್ ಎಂಬ ತಂತ್ರ ಬೇಕು. ಕಣ್ಣಿನಿಂದ ಮರಳುವ ಬೆಳಕಿನ ಓರೆಕೋರೆಯನ್ನು ಸೆನ್ಸರ್ ಅಳೆಯುತ್ತದೆ, ಆಕಾರ ಬದಲಿಸುವ ಕನ್ನಡಿ ಅದನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 1997ರಲ್ಲಿ ಇದನ್ನು ಜೀವಂತ ಕಣ್ಣಿನಲ್ಲಿ ಮಾಡಿ ತೋರಿಸಿದರು. ಚಿತ್ರ ಚೆನ್ನಾಗಿ ಬಂದರೆ ಕರಿ ಬಟ್ಟೆಯ ಮೇಲೆ ರಾಗಿ ಹರಡಿದ ಹಾಗೆ ಒತ್ತೊತ್ತು ಚುಕ್ಕಿಗಳು. ಕಣ್ಣೀರ ಪೊರೆ ಒಣಗಿದರೆ ಸಾಕು, ಎಲ್ಲ ಮಸುಕು. ಮತ್ತೆ ಮತ್ತೆ ರೆಪ್ಪೆ ಬಡಿಯಬೇಕು. ಮಸೂರದ ಹಿಂಬದಿಯಲ್ಲಿ ಬರುವ ಪೊರೆ (ಕ್ಯಾಟರಾಕ್ಟ್) ಈ ರೋಗಿಗಳಲ್ಲಿ ಸಾಮಾನ್ಯ, ಅದೂ ಚಿತ್ರ ಕೆಡಿಸುತ್ತದೆ.

ಕೋಶದಿಂದ ನೇರ ಮರಳುವ ಬೆಳಕನ್ನಷ್ಟೇ ಹಿಡಿಯುವ ಕಾನ್‌ಫೋಕಲ್ ಚಿತ್ರದಲ್ಲಿ ಕಪ್ಪಾಗಿರುವ ಜಾಗದಲ್ಲಿ ಕೋನ್ ಸತ್ತೇ ಹೋಗಿದೆ ಅನ್ನುವಂತಿಲ್ಲ. ಹೊರತುದಿ ಹಾಳಾದರೆ ಹೊಳಪು ಹೋಗುತ್ತದೆ. ಚದುರಿದ ಬೆಳಕನ್ನು ಹಿಡಿಯುವ ಸ್ಪ್ಲಿಟ್ ಡಿಟೆಕ್ಟರ್ ಚಿತ್ರದಲ್ಲಿ ಅದೇ ಕೋನ್‌ನ ಒಳಭಾಗ ಇನ್ನೂ ಉಳಿದಿರುವುದು ಕಾಣಬಹುದು. ಕೆಟ್ಟ ಜೀನಿಗೆ ಬದಲು ಸರಿಯಾದದ್ದನ್ನು ಕೊಡುವ ಜೀನ್ ಚಿಕಿತ್ಸೆಗೆ ಬೇಕಾದ್ದು ಆ ಉಳಿದ ಕೋಶಗಳೇ.

ಅಂದಹಾಗೆ, ಸ್ಕ್ಯಾನಿಗೆಂದು ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಸ್ಕೂಟರ್ ಮುಟ್ಟಬೇಡಿ. ಜೊತೆಗೊಬ್ಬರು ಇರಲಿ.