ಉಲುರುವಿನ ಬುಡದಲ್ಲಿ ಮೂರು ದಿನ

ಆಸ್ಟ್ರೇಲಿಯಾದ ನಟ್ಟನಡುವಿನ ಮರಳುಗಾಡಿನಲ್ಲಿರುವ ಉಲುರು ಬಂಡೆಗೆ ಒಂದು ರಾತ್ರಿ ಸಾಕು ಎಂದು ಸಿಡ್ನಿಯಲ್ಲಿ ನಮಗೆ ಹೇಳಿದವರು ಹಲವರು. ಒಂದು ಸೂರ್ಯಾಸ್ತ, ಒಂದು ಸೂರ್ಯೋದಯ ನೋಡಿ ಹಿಂದಿರುಗುವುದು ಅವರ ಲೆಕ್ಕ. ಹಾಗೆ ಹೋದರೆ ಬಂಡೆಯೇನೋ ಕಾಣುತ್ತದೆ, ಆದರೆ ಆ ನೆಲದ ಒಡೆಯರಾದ ಅನಾಂಗು ಜನರು ಅದನ್ನು ಹೇಗೆ ಕಾಣುತ್ತಾರೆ ಎಂಬುದರ ಸುಳಿವೂ ಸಿಗುವುದಿಲ್ಲ. ಮಗಳ ಮನೆಗೆ ಹೋಗಿದ್ದ ನಾವು ಜುಲೈ ತಿಂಗಳಲ್ಲಿ ಅಲ್ಲಿ ಮೂರು ದಿನ ಉಳಿದೆವು, ಅದೂ ಸಾಲಲಿಲ್ಲ.

ಸಿಡ್ನಿಯಿಂದ ನೇರವಾಗಿ ವಿಮಾನದಲ್ಲಿ ಬರಬಹುದು. ನಾವು ಆಲಿಸ್ ಸ್ಪ್ರಿಂಗ್ಸ್‌ನಲ್ಲಿಳಿದು ಬಾಡಿಗೆ ಕಾರಿನಲ್ಲಿ ಹೊರಟೆವು. ಸುಮಾರು 450 ಕಿಲೋಮೀಟರ್ ದಾರಿ, ಐದು ಗಂಟೆಯ ಪಯಣ. ಎರ್ಲ್‌ಡುಂಡಾದಲ್ಲಿ ಬಲಕ್ಕೆ ತಿರುಗುವ ಮೊದಲು ಪೆಟ್ರೋಲ್ ತುಂಬಿಸಿಕೊಳ್ಳಿ. ಕತ್ತಲಾದ ಮೇಲೆ ಕಾಂಗರೂಗಳೂ ದನಗಳೂ ರಸ್ತೆಗೆ ಬರುವುದರಿಂದ ರಾತ್ರಿ ಓಡಿಸಬೇಡಿ, ಎಷ್ಟೋ ಬಾಡಿಗೆ ಕರಾರುಗಳಲ್ಲಿ ರಾತ್ರಿಯ ಅಪಘಾತಕ್ಕೆ ವಿಮೆಯೂ ಇರುವುದಿಲ್ಲ. ಎಡಗಡೆ ದೂರದಲ್ಲಿ ತುದಿಯನ್ನು ಚಪ್ಪಟೆಯಾಗಿ ಕತ್ತರಿಸಿದಂಥ ಬೆಟ್ಟವೊಂದು ಕಂಡಾಗ ನಾವು ಸಡಗರದಿಂದ ಕಾರು ನಿಲ್ಲಿಸಿ ಇಪ್ಪತ್ತು ಚಿತ್ರ ತೆಗೆದೆವು. ಅದು ಮೌಂಟ್ ಕಾನರ್. ಮೊದಲ ಸಲ ಬಂದವರು ಅದನ್ನೇ ಉಲುರು ಎಂದುಕೊಳ್ಳುವುದು ಅಲ್ಲಿ ಹಳೆಯ ತಮಾಷೆ.

ಬಂಡೆಯಿರುವ ಉಲುರು-ಕಾಟಾ ಜುಟಾ ರಾಷ್ಟ್ರೀಯ ಉದ್ಯಾನದ ಪ್ರವೇಶಪತ್ರ ಮೂರು ದಿನಕ್ಕೆ ತಲಾ 38 ಡಾಲರ್ ಆಯಿತು, ಹದಿನೆಂಟು ತುಂಬದವರಿಗೆ ಶುಲ್ಕವಿಲ್ಲ. ಒಳಗೆ ಹೋದವರು ಮೊದಲು ಬಂಡೆಯ ಬಳಿಗೆ ಧಾವಿಸದೆ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಬೇಕೆಂಬುದು ನನ್ನ ಮುಖ್ಯ ಸಲಹೆ. ಮಣ್ಣಿನ ಇಟ್ಟಿಗೆಯಿಂದ ಕಟ್ಟಿದ ಈ ಕಟ್ಟಡವು ಕುನಿಯಾ ಮತ್ತು ಲಿರು ಎಂಬ ಎರಡು ಸರ್ಪಗಳ ಆಕಾರದಲ್ಲಿದೆ. ಚುಕುರ್ಪ ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದನ್ನು ಪುರಾಣ ಎಂದು ಅನುವಾದಿಸಿದರೆ ಅರ್ಧ ಅರ್ಥ ಕಳೆದುಹೋಗುತ್ತದೆ. ಪೂರ್ವಜರು ಈ ನೆಲದಲ್ಲಿ ಸಂಚರಿಸುತ್ತ ಬೆಟ್ಟ, ಹೊಂಡ, ಬಿರುಕುಗಳನ್ನು ರೂಪಿಸಿದ ಕಥೆ, ಯಾರು ಯಾರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬ ಕಟ್ಟಳೆ, ಎಲ್ಲಿ ನೀರಿದೆ, ಯಾವ ಬೀಜ ಯಾವಾಗ ಬಲಿಯುತ್ತದೆ, ಹುಲ್ಲಿಗೆ ಯಾವಾಗ ಬೆಂಕಿ ಹಚ್ಚಬೇಕು ಎಂಬ ತಿಳಿವಳಿಕೆ, ಇವೆಲ್ಲವೂ ಆ ಒಂದೇ ಮಾತಿನಲ್ಲಿ ಅಡಗಿವೆ.

1873ರಲ್ಲಿ ಇಲ್ಲಿಗೆ ಬಂದ ವಿಲಿಯಂ ಗಾಸ್ ಎಂಬ ಭೂಮಾಪಕ ಇದಕ್ಕೆ ಏಯರ್ಸ್ ರಾಕ್ ಎಂದು ಹೆಸರಿಟ್ಟ. 1985ರ ಅಕ್ಟೋಬರ್ 26ರಂದು ನೆಲದ ಹಕ್ಕು ಅನಾಂಗು ಜನರಿಗೆ ಮರಳಿ ಬಂತು, ಅವರು ಅದನ್ನು ಉದ್ಯಾನಕ್ಕಾಗಿ ಸರ್ಕಾರಕ್ಕೆ 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಬಂಡೆ ಹತ್ತಬೇಡಿ ಎಂಬ ಅವರ ಕೋರಿಕೆ ನಿಷೇಧವಾಗಲು ಮತ್ತೆ ಮೂವತ್ತನಾಲ್ಕು ವರ್ಷ ಬೇಕಾಯಿತು, 2019ರ ಅದೇ ಅಕ್ಟೋಬರ್ 26ರಂದು ಏರುದಾರಿ ಮುಚ್ಚಿತು. ಬೆಟ್ಟ ಕಂಡರೆ ತುದಿ ಮುಟ್ಟಿ ಬರುವ ರೂಢಿಯ ನನಗೆ ಮೊದಲು ತುಸು ನಿರಾಸೆಯೇ ಆಗಿತ್ತು. ಲಕ್ಷಾಂತರ ಪಾದಗಳು ಸವೆಸಿದ ಬಿಳಿಚಿದ ಗೆರೆ ಬಂಡೆಯ ಹೆಗಲ ಮೇಲೆ ಇಂದಿಗೂ ಕಾಣುತ್ತದೆ. ಅಲ್ಲಿ ಸಾಲುಗಟ್ಟಿ ಹತ್ತುತ್ತಿದ್ದವರನ್ನು ಅನಾಂಗು ಜನರು ‘ಮಿಂಗ’, ಅಂದರೆ ಇರುವೆ, ಎಂದು ಕರೆಯುತ್ತಿದ್ದರಂತೆ.

ಮಾಲಾ ಎಂಬ ಪುಟ್ಟ ಕಾಂಗರೂ ಜಾತಿಯ ಪೂರ್ವಜರ ಹೆಸರಿನ ಕಾಲುದಾರಿ ಹೋಗಿಬರಲು ಎರಡು ಕಿಲೋಮೀಟರ್. ವನರಕ್ಷಕರು ಉಚಿತವಾಗಿ ಕರೆದೊಯ್ಯುವ ನಡಿಗೆಯ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ. ಈ ದಾರಿಯಲ್ಲಿ ಹೆಂಗಸರೂ ಮಕ್ಕಳೂ ಸೇರುತ್ತಿದ್ದ ಅಡುಗೆ ಗುಹೆಯೊಂದಿದೆ. ಹುಲ್ಲಿನ ಬೀಜಗಳನ್ನು ಕಲ್ಲಿನ ಮೇಲೆ ಅರೆದು ಹಿಟ್ಟು ಮಾಡಿ ಅಲ್ಲಿ ರೊಟ್ಟಿ ಸುಡುತ್ತಿದ್ದರು. ಅದರ ಮಾಡಿನ ಕಪ್ಪು ಒಲೆಯ ಹೊಗೆಯದು. ನನ್ನ ಪತ್ನಿ ಗುಹೆಗಳ ಗೋಡೆಯ ಮೇಲಿನ ಚಿತ್ರಗಳಿಗಿಂತ ಹೆಚ್ಚು ಹೊತ್ತು ಆ ಮಸಿಯನ್ನೇ ನೋಡುತ್ತ ನಿಂತಿದ್ದಳು.

ಮರುದಿನ ಬಂಡೆಯ ಸುತ್ತ 10.6 ಕಿಲೋಮೀಟರ್ ನಡೆದೆವು. ನಮ್ಮಂಥ ಅರವತ್ತು ದಾಟಿದವರಿಗೆ ನಾಲ್ಕು ಗಂಟೆ ಹಿಡಿಯುತ್ತದೆ, ದಾರಿ ಸಮತಟ್ಟಾಗಿದೆ. ಕೆಲವು ಭಾಗಗಳಲ್ಲಿ ಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ಅದನ್ನು ಗಮನಿಸದೆ ನಾನು ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆದೇಬಿಟ್ಟೆ. ಮಗಳು ಕೈ ಹಿಡಿದು ಫಲಕ ತೋರಿಸಿದ ಮೇಲೆ ನಾಚಿಕೆಯಿಂದ ಅಳಿಸಿಹಾಕಿದೆ. ಅಲ್ಲಿನ ಬಂಡೆಯ ಒಂದೊಂದು ಮಡಿಕೆಯೂ ಶಾಸ್ತ್ರಗ್ರಂಥದ ಪುಟವಿದ್ದಂತೆ, ಕೆಲವನ್ನು ಗಂಡಸರು ಮಾತ್ರ, ಕೆಲವನ್ನು ಹೆಂಗಸರು ಮಾತ್ರ, ಅದೂ ಆ ಜಾಗದಲ್ಲೇ ನಿಂತು ಅರಿಯಬೇಕು. ಚಿತ್ರವಾಗಿ ಊರೂರು ಸುತ್ತಿದರೆ ಆ ಕಟ್ಟಳೆ ಮುರಿಯುತ್ತದೆ.

ಹೊರಗಿನವರಿಗೆ ಹೇಳಬಹುದಾದ ಕಥೆಗಳೂ ಇವೆ. ಮುಟಿಜುಲು ಹೊಂಡದ ಬಳಿ, ಹೆಬ್ಬಾವಿನ ರೂಪದ ಕುನಿಯಾ ಎಂಬಾಕೆ, ತನ್ನ ಸೋದರಳಿಯನನ್ನು ಈಟಿಯಿಂದ ಇರಿದ ಲಿರು ಯೋಧನನ್ನು ಅಗೆಯುವ ಕೋಲಿನಿಂದ ಹೊಡೆದಳಂತೆ. ಬಂಡೆಯ ಮೇಲಿನ ಎರಡು ಸೀಳುಗಳು ಆ ಏಟುಗಳೇ. ಕಥೆ ಕೇಳಿದ ಮೇಲೆ ಮೊದಲ ಏಟಿಗಿಂತ ಎರಡನೆಯದು ಉದ್ದವಾಗಿರುವುದು ಕಣ್ಣಿಗೆ ಬೀಳುತ್ತದೆ.

ಅದೇ ಉದ್ಯಾನದ ಇನ್ನೊಂದು ಬಂಡೆಗಳ ಗುಂಪಾದ ಕಾಟಾ ಜುಟಾದ 36 ಗುಮ್ಮಟಗಳಿಗೆ ಮೂರನೆಯ ದಿನವನ್ನಿಡಿ. ಅಲ್ಲಿನ ಚುಕುರ್ಪ ಹೊರಗಿನವರಿಗೆ ಹೇಳುವಂಥದ್ದಲ್ಲವಾದ್ದರಿಂದ ಸುಮ್ಮನೆ ನಡೆದು ಬರುವುದಷ್ಟೇ ನಮ್ಮ ಪಾಲು. ಗಾಳಿಕಣಿವೆಯ ಪೂರ್ಣ ಸುತ್ತು 7.4 ಕಿಲೋಮೀಟರ್. 36 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿಲಿನ ಮುನ್ಸೂಚನೆಯಿದ್ದರೆ ಬೆಳಗಿನ ಹನ್ನೊಂದು ಗಂಟೆಗೆ ಮೊದಲ ನೋಟದ ತಾಣದಿಂದ ಮುಂದಿನ ದಾರಿ ಮುಚ್ಚುತ್ತಾರೆ.

ಜುಲೈನ ಮುಂಜಾವಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರಬಹುದು, ಉಣ್ಣೆಯ ಟೋಪಿ ಬೇಕು. ಬಿಸಿಲ ಕಾಲದಲ್ಲಿ ಹೋಗುವವರು ಮುಖಕ್ಕೆ ಹಾಕುವ ನೊಣದ ಬಲೆ ಮರೆಯಬಾರದು. ಉದ್ಯಾನದ ಹೊರಗೆ ಪ್ರವಾಸಿಗರು ತಂಗುವ ಊರಾದ ಯುಲಾರಾದ ವಸತಿ ದುಬಾರಿ, ತಿಂಗಳುಗಳ ಮೊದಲೇ ಕಾದಿರಿಸಿ. ಸಸ್ಯಾಹಾರಿಗಳಿಗೆ ಹೋಟೆಲಿನ ಆಯ್ಕೆ ಕಡಿಮೆ, ಮಗಳ ಅಡುಗೆಮನೆಯಿಂದ ತಂದ ಅವಲಕ್ಕಿ, ಚಟ್ನಿಪುಡಿ ನಮ್ಮನ್ನು ಕಾಪಾಡಿತು. ಚಿತ್ರ, ಮರದ ಕೆತ್ತನೆ ಕೊಳ್ಳುವುದಾದರೆ ಅನಾಂಗು ಜನರದ್ದೇ ಆದ ಮಾರುಕು ಸಂಸ್ಥೆಯಲ್ಲಿ ಕೊಳ್ಳಿ. ನೆನಪಿಗೆಂದು ಕಲ್ಲನ್ನಾಗಲಿ ಮಣ್ಣನ್ನಾಗಲಿ ಎತ್ತಿಕೊಂಡು ಬರಬೇಡಿ. ಹಾಗೆ ಒಯ್ದವರು ಎಷ್ಟೋ ಜನ ಕ್ಷಮಾಪಣೆಯ ಪತ್ರದೊಂದಿಗೆ ಅವನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದಾರೆ, ಯಾವ ಕಲ್ಲು ಎಲ್ಲಿಯದೆಂದು ತಿಳಿಯದೆ ಅವನ್ನು ನೋಡಿಕೊಳ್ಳುವ ಕೆಲಸ ಉದ್ಯಾನದವರಿಗೆ ಬಿದ್ದಿದೆ.