ಇರುವೆಗೆ ಅಪ್ಪಣೆ ಬೇಡ, ನಮಗೆ ಯಾಕೆ?

ರಾಣೆಬೆನ್ನೂರಿನಲ್ಲಿ ಒಂದು ಬೀಜದ ಗೋದಾಮು ನೋಡಿಕೊಳ್ಳುವುದು ನನ್ನ ಕೆಲಸ. ಗೋವಿನಜೋಳದ ಬೀಜವೇ ಜಾಸ್ತಿ. ಇಲ್ಲಿ ನಮ್ಮ ದೊಡ್ಡ ಶತ್ರು ಇಲಿಯಲ್ಲ, ತೇವ. ಬೀಜದ ತೇವಾಂಶ ಶೇ 12 ದಾಟುವಂತಿಲ್ಲ. ಮಳೆಗಾಲದಲ್ಲಿ ಬೀಜ ಕೂತಲ್ಲೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮೊದಲು ಬೂಸ್ಟು, ಆಮೇಲೆ ಹುಳ. ಚೀಲ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ರೈತ ಬಿತ್ತಿದ ಮೇಲೆ ಮೊಳಕೆ ಬರುವುದಿಲ್ಲ, ಅಷ್ಟೇ.

ನಮ್ಮ ಚರ್ಚಿನಲ್ಲಿ ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ 6ನೇ ಅಧ್ಯಾಯ ಓದಿದರೆ ಹುಡುಗರೆಲ್ಲ ತಲೆ ತಗ್ಗಿಸುತ್ತಾರೆ. ಸೋಮಾರಿ ಇರುವೆಯನ್ನು ನೋಡಿ ಕಲಿಯಬೇಕು ಅನ್ನುವ ಮಾತನ್ನು ನಾವು ಬೈಯಲಿಕ್ಕೇ ಬಳಸುತ್ತೇವೆ. ನನಗೆ ಹಿಡಿಸುವುದು ಅದರ ಮುಂದಿನ ವಾಕ್ಯ. ಇರುವೆಗೆ ನಾಯಕನಿಲ್ಲ, ಅಧಿಕಾರಿಯಿಲ್ಲ, ಅರಸನಿಲ್ಲ. ಆದರೂ ಸುಗ್ಗಿಯಲ್ಲಿ ಆಹಾರ ಕೂಡಿಡುತ್ತದೆ. ರಾಣಿ ಇರುವೆ ಇದೆಯಲ್ಲ ಅಂತೀರಾ? ಅದು ಮೊಟ್ಟೆ ಇಡುತ್ತದೆ, ಯಾರಿಗೂ ಆರ್ಡರ್ ಕೊಡುವುದಿಲ್ಲ.

ಇರುವೆ ಕಾಳು ಕೂಡಿಡುತ್ತದೆ ಎಂಬುದನ್ನೇ ಯುರೋಪಿನ ಕೆಲವು ಪಂಡಿತರು ಹಿಂದೆ ನಂಬಿರಲಿಲ್ಲ. ಅವರ ಚಳಿ ಸೀಮೆಯಲ್ಲಿ ಅಂಥ ಇರುವೆ ಇರಲಿಲ್ಲ. ಆದರೆ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಪುಣೆಯಲ್ಲಿ ತಾನು ಕಂಡದ್ದನ್ನು 1830ರ ದಶಕದಲ್ಲೇ ಬರೆದಿದ್ದಾನೆ. ಮಳೆಯಲ್ಲಿ ನೆನೆದ ಹುಲ್ಲಿನ ಬೀಜಗಳನ್ನು ಇರುವೆಗಳು ಗೂಡಿನಿಂದ ಹೊರಗೆ ತಂದು ಒಣಹಾಕಿದ್ದವು. ನಮ್ಮ ಕಣದ ಅಂಚಿನಲ್ಲೂ ಅಂಥದ್ದೊಂದು ಗೂಡಿದೆ. ಬಾಯಿಯ ಸುತ್ತ ಹೊಟ್ಟಿನ ಬಳೆ. ಮಳೆ ಬಿಟ್ಟು ಬಿಸಿಲು ಬಿದ್ದರೆ ಒಂದೊಂದೇ ಕಾಳು ಕಚ್ಚಿಕೊಂಡು ಹೊರಗೆ ಬರುತ್ತವೆ.

ನಮ್ಮ ಗೋದಾಮಿನ ಹುಡುಗರಿಗೆ ಸ್ವಂತ ಆಸಕ್ತಿ ಇಲ್ಲ ಅಂತ ಮಾಲೀಕರ ದೂರು. ತೇವ ಅಳೆಯುವ ಮೀಟರ್ ಎಲ್ಲಿತ್ತು ಗೊತ್ತಾ? ಆಫೀಸಿನ ಡ್ರಾಯರಿನಲ್ಲಿ, ಬೀಗ ಹಾಕಿ. ಚೀಲ ಮುಟ್ಟಿ ಅನುಮಾನ ಬಂದರೂ ಹುಡುಗ ನನ್ನನ್ನು ಹುಡುಕಬೇಕು, ನಾನು ಕೀಲಿಕೈ ಕೇಳಬೇಕು. ಅಷ್ಟರಲ್ಲಿ ಲಾರಿ ಬಂದು ನಿಲ್ಲುತ್ತದೆ, ತೇವದ ವಿಷಯ ಮರೆತೇ ಹೋಗುತ್ತದೆ. ಆಸಕ್ತಿ ಎಲ್ಲಿಂದ ಉಳಿಯಬೇಕು?

ಇರುವೆಯ ವಾಕ್ಯವನ್ನು ಗೋಡೆಗೆ ದೊಡ್ಡದಾಗಿ ಬರೆಸೋಣ ಎಂದರು ಮಾಲೀಕರು. ಅಧಿಕಾರಿ ಇಲ್ಲದೆ ದುಡಿಯಿರಿ ಅಂತ ಅಧಿಕಾರಿಯೇ ಬೋರ್ಡ್ ಹಾಕುವುದಾ ಎಂದು ನಕ್ಕೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಇನ್ನೊಂದು ಮೀಟರ್ ಕೊಡಿಸಿ ಎಂದೆ. ಸ್ವಲ್ಪ ಗೊಣಗಿದರು, ಕೊಡಿಸಿದರು.

ಈಗ ಅದು ಗೋದಾಮಿನ ಬಾಗಿಲ ಬಳಿಯೇ ಇರುತ್ತದೆ. 12 ದಾಟಿದ್ದು ಕಂಡವರು ಯಾರನ್ನೂ ಕೇಳದೆ ಚೀಲ ಇಳಿಸಿ ಒಣಹಾಕಬಹುದು, ರಿಜಿಸ್ಟರಿನಲ್ಲಿ ಬರೆದರಾಯಿತು. ಭಾನುವಾರ ಮಳೆಯಾಗಿದ್ದರೆ ಒಬ್ಬ ಹಮಾಲಿ ಹುಡುಗ ಸೋಮವಾರ ಬಂದವನೇ ಗೋಡೆ ಪಕ್ಕದ ಕೆಳಸಾಲು ಅಳೆಯುತ್ತಾನೆ. ಅವನು ಚರ್ಚಿಗೆ ಬರುವವನೂ ಅಲ್ಲ, ಆ ವಾಕ್ಯ ಕೇಳಿದವನೂ ಅಲ್ಲ.